ರೋಗಿಯ ಸುರಕ್ಷತೆಯನ್ನು ಕಲಿಸುವುದು ಹೇಗೆ? – ಒಂದು ಪಠ್ಯಕ್ರಮದ ವಿಮರ್ಶೆ

ವೈದ್ಯ, ದಂತವೈದ್ಯ, ದಾದಿ, ಸೂಲಗಿತ್ತಿ, ಔಷಧತಜ್ಞ – ಇವರೆಲ್ಲರ ವ್ಯಾಸಂಗದಲ್ಲಿ ರೋಗಗಳ ಬಗ್ಗೆ ಸಾವಿರಾರು ಪುಟಗಳ ಓದು ಇರುತ್ತದೆ. ರೋಗದಿಂದಲ್ಲದೆ ಚಿಕಿತ್ಸೆಯಿಂದಲೇ ರೋಗಿಗೆ ಆಗುವ ಹಾನಿಯ ಬಗ್ಗೆ ಎಷ್ಟು ಪುಟ ಇರುತ್ತದೆ? ಬಹುಕಾಲ ಈ ಪ್ರಶ್ನೆಗೆ ಉತ್ತರ 'ಹೆಚ್ಚೇನೂ ಇಲ್ಲ' ಎಂದೇ ಇತ್ತು. ಔಷಧದ ಅಡ್ಡಪರಿಣಾಮ, ಶಸ್ತ್ರಕ್ರಿಯೆಯ ತೊಡಕು ಎಂಬ ಶೀರ್ಷಿಕೆಗಳ ಕೆಳಗೆ ಅಲ್ಲೊಂದು ಇಲ್ಲೊಂದು ಮಾತು ಬರುತ್ತಿತ್ತು. ಅದನ್ನು ಒಂದು ಸ್ವತಂತ್ರ ವಿಷಯವಾಗಿ, ಕಾರಣ–ಪರಿಣಾಮಗಳ ಕ್ರಮದಲ್ಲಿ ಕಲಿಸುವ ವ್ಯವಸ್ಥೆ ಇರಲಿಲ್ಲ.

ಈ ಕೊರತೆ ತುಂಬಲು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ವೈದ್ಯಕೀಯ ಕಾಲೇಜುಗಳಿಗಾಗಿ ರೋಗಿ ಸುರಕ್ಷತಾ ಪಠ್ಯಕ್ರಮದ ಕೈಪಿಡಿಯೊಂದನ್ನು ಹೊರತಂದಿತು. 2011ರಲ್ಲಿ ಅದನ್ನೇ ವಿಸ್ತರಿಸಿ ಎಲ್ಲ ಆರೋಗ್ಯ ವೃತ್ತಿಗಳಿಗೂ ಅನ್ವಯಿಸುವ ಆವೃತ್ತಿ ಪ್ರಕಟವಾಯಿತು. ಅದರ ರಚನೆಯ ಮುಂಚೂಣಿಯಲ್ಲಿದ್ದವರು ಆಸ್ಟ್ರೇಲಿಯಾದ ಸಿಡ್ನಿ ವಿಶ್ವವಿದ್ಯಾಲಯದ ಮೆರಿಲಿನ್ ವಾಲ್ಟನ್. ಜಗತ್ತಿನಾದ್ಯಂತ ಶಿಕ್ಷಕರು ಕೈಗೆತ್ತಿಕೊಂಡ ಈ ಪುಸ್ತಕವನ್ನು ಈಗ ವಿಮರ್ಶೆಯ ದೃಷ್ಟಿಯಿಂದ ನೋಡುವುದು ಉಚಿತ. ಅದು ಏನನ್ನು ಸರಿಯಾಗಿ ಹಿಡಿದಿದೆ, ಎಲ್ಲಿ ಕೈಬಿಟ್ಟಿದೆ, ನಮ್ಮ ತರಗತಿಗೆ ಬಂದಾಗ ಏನಾಗುತ್ತದೆ – ಇವು ಇಲ್ಲಿನ ಪ್ರಶ್ನೆಗಳು. ನೀವು ವೈದ್ಯಕೀಯ ಶಿಕ್ಷಕರಲ್ಲದೆ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕರಾಗಿದ್ದರೂ ಈ ಚರ್ಚೆ ನಿಮ್ಮನ್ನು ತಟ್ಟುತ್ತದೆ. ಏಕೆಂಬುದು ಮುಂದೆ ಸ್ಪಷ್ಟವಾಗುತ್ತದೆ.

ಪುಸ್ತಕದಲ್ಲಿ ಏನಿದೆ?

ಪುಸ್ತಕಕ್ಕೆ ಎರಡು ಭಾಗ. ಮೊದಲನೆಯದು ಶಿಕ್ಷಕರಿಗೆ. ಈಗಾಗಲೇ ತುಂಬಿ ತುಳುಕುತ್ತಿರುವ ಪಠ್ಯಕ್ರಮದೊಳಗೆ ಹೊಸ ವಿಷಯವನ್ನು ಹೇಗೆ ಹೆಣೆಯಬೇಕು, ಹೇಗೆ ಪರೀಕ್ಷಿಸಬೇಕು ಎಂಬುದನ್ನು ಅದು ಹೇಳುತ್ತದೆ. ಎರಡನೆಯ ಭಾಗದಲ್ಲಿ 11 ಪಾಠಗಳಿವೆ: ರೋಗಿ ಸುರಕ್ಷತೆ ಎಂದರೇನು, ಮಾನವ ಅಂಶಗಳು, ವ್ಯವಸ್ಥೆಯ ಸಂಕೀರ್ಣತೆ, ತಂಡದಲ್ಲಿ ಕೆಲಸ, ತಪ್ಪಿನಿಂದ ಕಲಿಯುವುದು, ಚಿಕಿತ್ಸಾ ಅಪಾಯದ ನಿರ್ವಹಣೆ, ಗುಣಮಟ್ಟ ಸುಧಾರಣೆ, ರೋಗಿ ಮತ್ತು ಆರೈಕೆದಾರರ ಪಾಲ್ಗೊಳ್ಳುವಿಕೆ, ಸೋಂಕು ನಿಯಂತ್ರಣ, ಶಸ್ತ್ರಕ್ರಿಯೆಯಂಥ ಕ್ರಮಗಳಲ್ಲಿ ಸುರಕ್ಷತೆ, ಔಷಧ ಸುರಕ್ಷತೆ.

ಈ ಪುಸ್ತಕದ ಹಿಂದೆ ಎರಡು ದಶಕಗಳ ಅಧ್ಯಯನವಿದೆ. ನ್ಯೂಯಾರ್ಕ್ ರಾಜ್ಯದ ಸುಮಾರು 30 ಸಾವಿರ ಆಸ್ಪತ್ರೆ ದಾಖಲೆಗಳನ್ನು ಪರಿಶೀಲಿಸಿದ ಹಾರ್ವರ್ಡ್ ತಂಡ, ದಾಖಲಾದವರಲ್ಲಿ ಶೇಕಡ 3.7 ಮಂದಿಗೆ ಚಿಕಿತ್ಸೆಯಿಂದಲೇ ಹಾನಿಯಾಗಿತ್ತು ಎಂದು 1991ರಲ್ಲಿ ವರದಿ ಮಾಡಿತು. ಅಮೆರಿಕದ ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 1999ರಲ್ಲಿ, ಆ ದೇಶದ ಆಸ್ಪತ್ರೆಗಳಲ್ಲಿ ವೈದ್ಯಕೀಯ ತಪ್ಪುಗಳಿಂದ ವರ್ಷಕ್ಕೆ 44 ಸಾವಿರದಿಂದ 98 ಸಾವಿರ ಮಂದಿ ಸಾಯುತ್ತಿರಬಹುದೆಂದು ಅಂದಾಜು ಮಾಡಿತು. ಈ ಅಂದಾಜಿನ ನಿಖರತೆಯ ಬಗ್ಗೆ ವಾದ ಇದ್ದೇ ಇದೆ. ಆದರೆ ಸಮಸ್ಯೆ ಒಬ್ಬಿಬ್ಬರು ಅಜಾಗರೂಕ ವೈದ್ಯರದಲ್ಲ, ವ್ಯವಸ್ಥೆಯದು ಎಂಬ ಮಾತು ಅಲ್ಲಿಂದ ಮುಂದೆ ಗಟ್ಟಿಯಾಯಿತು. ಬ್ರಿಟನ್ನಿನ ಮನೋವಿಜ್ಞಾನಿ ಜೇಮ್ಸ್ ರೀಸನ್ ಕೊಟ್ಟ ಚಿತ್ರ ನಿಮಗೆ ಗೊತ್ತಿರಬಹುದು. ತೂತುಗಳಿರುವ ಚೀಸ್ ಹೋಳುಗಳನ್ನು ಒಂದರ ಹಿಂದೊಂದು ನಿಲ್ಲಿಸಿದಂತೆ ಆಸ್ಪತ್ರೆಯ ರಕ್ಷಣಾ ಪದರಗಳು ಇರುತ್ತವೆ. ಪ್ರತಿ ಹೋಳಿನಲ್ಲೂ ತೂತುಗಳಿವೆ. ಅವೆಲ್ಲ ಒಂದೇ ಗೆರೆಗೆ ಬಂದಾಗ ಅಪಾಯ ಅಡೆತಡೆಯಿಲ್ಲದೆ ರೋಗಿಯನ್ನು ಮುಟ್ಟುತ್ತದೆ.

'ಯಾರು ತಪ್ಪು ಮಾಡಿದರು?' ಎಂಬ ಪ್ರಶ್ನೆಯ ಬದಲು 'ಏಕೆ ಹೀಗಾಯಿತು?' ಎಂದು ಕೇಳಲು ಕಲಿಸುವುದು ಈ ಪುಸ್ತಕದ ಅತಿ ದೊಡ್ಡ ಸಾಧನೆ. ಈ ವಿಷಯದಲ್ಲಿ ಅದಕ್ಕೆ ಪೂರ್ಣ ಅಂಕ ಕೊಡಬೇಕು.

ಒಂದು ಪ್ರಕರಣ, ಎರಡು ತೀರ್ಪು

ಈ ಬದಲಾವಣೆ ಏಕೆ ಮುಖ್ಯ ಎಂಬುದನ್ನು ಒಂದು ಘಟನೆಯಿಂದ ನೋಡೋಣ. ವಿನ್‌ಕ್ರಿಸ್ಟಿನ್ ಎಂಬುದು ನಮ್ಮ ಅಂಗಳಗಳಲ್ಲಿ ಬೆಳೆಯುವ ಕಾಶಿಕಣಗಿಲೆ ಅಥವಾ ನಿತ್ಯಪುಷ್ಪ ಗಿಡದಿಂದ ಪಡೆಯುವ ಕ್ಯಾನ್ಸರ್ ಔಷಧ. ಕೋಶ ವಿಭಜನೆಗೆ ಬೇಕಾದ ಸೂಕ್ಷ್ಮನಾಳಿಕೆಗಳನ್ನು ಅದು ಕಟ್ಟಲು ಬಿಡುವುದಿಲ್ಲ. ರಕ್ತನಾಳಕ್ಕೆ ಕೊಟ್ಟರೆ ಅದು ಜೀವ ಉಳಿಸುತ್ತದೆ. ಬೆನ್ನುಹುರಿಯ ಸುತ್ತಲಿನ ದ್ರವಕ್ಕೆ ಕೊಟ್ಟರೆ ನರಕೋಶಗಳನ್ನು ಹಾಳುಮಾಡಿ ಬಹುಪಾಲು ಸಾವಿನಲ್ಲೇ ಕೊನೆಗಾಣುತ್ತದೆ. ಆದರೆ ರಕ್ತದ ಕ್ಯಾನ್ಸರಿನ ಅದೇ ಚಿಕಿತ್ಸೆಯಲ್ಲಿ ಸೈಟರಬಿನ್ ಎಂಬ ಇನ್ನೊಂದು ಔಷಧವನ್ನು ಬೆನ್ನುಹುರಿಯ ದ್ರವಕ್ಕೇ ಕೊಡಬೇಕಾಗುತ್ತದೆ.

2001ರ ಜನವರಿ 4ರಂದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ನಗರದ ಕ್ವೀನ್ಸ್ ಮೆಡಿಕಲ್ ಸೆಂಟರ್‌ನಲ್ಲಿ 18 ವರ್ಷದ ರೋಗಿಯೊಬ್ಬನ ಬೆನ್ನಿಗೆ ವಿನ್‌ಕ್ರಿಸ್ಟಿನ್ ಚುಚ್ಚಲಾಯಿತು. ಆತ ರೋಗದಿಂದ ಚೇತರಿಸಿಕೊಳ್ಳುತ್ತಿದ್ದವನು. ಫೆಬ್ರವರಿ 2ರಂದು ತೀರಿಕೊಂಡ. ಬ್ರಯಾನ್ ಟಾಫ್ಟ್ ನಡೆಸಿದ ಹೊರಗಿನ ತನಿಖೆಯ ವರದಿ ಓದಿದರೆ ಚೀಸಿನ ತೂತುಗಳು ಒಂದೊಂದಾಗಿ ಕಾಣುತ್ತವೆ. ಎರಡು ಔಷಧಗಳನ್ನು ಬೇರೆ ಬೇರೆ ದಿನ ಕೊಡುವ ನಿಯಮ ಆ ಆಸ್ಪತ್ರೆಯಲ್ಲಿತ್ತು. ಆದರೂ ಎರಡೂ ಒಟ್ಟಿಗೇ ವಾರ್ಡಿಗೆ ಬಂದಿದ್ದವು. ಹಿರಿಯ ವೈದ್ಯರು ಆ ವಿಭಾಗಕ್ಕೆ ಬಂದು ಕೆಲವೇ ದಿನಗಳಾಗಿದ್ದವು. ಅವರು ಔಷಧದ ಹೆಸರು ಮತ್ತು ಪ್ರಮಾಣವನ್ನು ಓದಿದರು, ಕೊಡುವ ಮಾರ್ಗವನ್ನು ಓದಲಿಲ್ಲ. ಕಿರಿಯ ವೈದ್ಯರಿಗೆ ಸಂಶಯ ಬಂತು, ಕೇಳಿದರು ಕೂಡ. ಹೌದೆಂಬ ಉತ್ತರ ಬಂದ ಮೇಲೆ ಹಿರಿಯರಿಗೆ ಎದುರಾಡುವುದು ಅವರಿಂದ ಆಗಲಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ರಕ್ತನಾಳಕ್ಕೆ ಬಳಸುವ ಸಿರಿಂಜು ಬೆನ್ನಿನ ಸೂಜಿಗೂ ಸಲೀಸಾಗಿ ಕೂರುತ್ತಿತ್ತು.

ತನಿಖೆ ವ್ಯವಸ್ಥೆಯ ಲೋಪಗಳ ಸರಮಾಲೆಯನ್ನೇ ಕಂಡಿತು. ನ್ಯಾಯಾಲಯ 2003ರಲ್ಲಿ ಹಿರಿಯ ವೈದ್ಯರಿಗೆ 8 ತಿಂಗಳ ಸೆರೆವಾಸ ವಿಧಿಸಿತು. ಒಂದೇ ಘಟನೆಗೆ ಎರಡು ಬಗೆಯ ವಿವರಣೆ. ಎರಡರಲ್ಲಿ ಮುಂದಿನ ರೋಗಿಯನ್ನು ಉಳಿಸುವುದು ಯಾವುದು ಎಂದು ಯೋಚಿಸಿ. ಇದೇ ತಪ್ಪು ಅದಕ್ಕೆ ಮುಂಚೆ ಬೇರೆ ಊರುಗಳಲ್ಲಿ, ಬೇರೆ ವೈದ್ಯರ ಕೈಯಲ್ಲಿ ಆಗಿತ್ತು. ನಂತರವೂ ಆಯಿತು. ವ್ಯಕ್ತಿಗಳು ಬದಲಾದರೂ ತಪ್ಪು ಬದಲಾಗದಿದ್ದರೆ, ಕಾರಣ ವ್ಯಕ್ತಿಯಲ್ಲಿಲ್ಲ ಎಂಬುದು ವಿಜ್ಞಾನದ ಸರಳ ತರ್ಕ.

ನಾಲ್ಕು ಹೆಜ್ಜೆ, ಮರೆತ ಲೆಕ್ಕ

ಈಗ ಆರನೆಯ ಪಾಠಕ್ಕೆ ಬರೋಣ. ಚಿಕಿತ್ಸಾ ಅಪಾಯದ ನಿರ್ವಹಣೆಗೆ ಪುಸ್ತಕ ನಾಲ್ಕು ಹೆಜ್ಜೆ ಹೇಳುತ್ತದೆ: ಅಪಾಯವನ್ನು ಗುರುತಿಸು, ಅದು ಎಷ್ಟು ಬಾರಿ ಸಂಭವಿಸುತ್ತದೆ, ಎಷ್ಟು ತೀವ್ರ ಎಂದು ಅಳೆ, ಅದನ್ನು ತಗ್ಗಿಸು ಇಲ್ಲವೇ ನಿವಾರಿಸು, ತಗ್ಗಿಸಿದ್ದರಿಂದ ಉಳಿದ ಇಲ್ಲವೇ ತಗ್ಗಿಸದಿದ್ದರೆ ತಗಲುವ ವೆಚ್ಚವನ್ನು ಲೆಕ್ಕ ಹಾಕು. ವಿದ್ಯಾರ್ಥಿ ಏನು ಮಾಡಬೇಕೆಂಬುದೂ ಸ್ಪಷ್ಟವಾಗಿದೆ: ಕಂಡ ಅಪಾಯವನ್ನು ವರದಿ ಮಾಡಬೇಕು, ದಾಖಲೆಯನ್ನು ಪೂರ್ಣವಾಗಿ ನಿಖರವಾಗಿ ಬರೆಯಬೇಕು, ಯಾವಾಗ ಸಹಾಯ ಕೇಳಬೇಕೆಂದು ತಿಳಿದಿರಬೇಕು, ಹಾನಿಯಾದಾಗ ರೋಗಿ ಮತ್ತು ಕುಟುಂಬದೊಂದಿಗೆ ಸರಿಯಾಗಿ ಮಾತನಾಡಬೇಕು.

ಪಟ್ಟಿ ಚೆನ್ನಾಗಿದೆ. ಆದರೆ ಎರಡನೆಯ ಹೆಜ್ಜೆ, ಅಂದರೆ ಅಳತೆ, ವಿಜ್ಞಾನದ ಹೆಜ್ಜೆ. ಅದಕ್ಕೆ ಬೇಕಾದ ಲೆಕ್ಕದ ಅಭ್ಯಾಸವನ್ನು ಪಾಠ ಹೆಚ್ಚು ಕೊಡುವುದಿಲ್ಲ. ಇದು ನನ್ನ ಮೊದಲ ಆಕ್ಷೇಪ. ಮೂರು ಸಣ್ಣ ಲೆಕ್ಕಗಳಿಂದ ಇದನ್ನು ತೋರಿಸಬಹುದು.

ಮೊದಲನೆಯದು, ಹೆಜ್ಜೆಗಳ ಲೆಕ್ಕ. ರೋಗಿಯೊಬ್ಬನ ಚಿಕಿತ್ಸೆಯಲ್ಲಿ 50 ಹೆಜ್ಜೆಗಳಿವೆ, ಪ್ರತಿ ಹೆಜ್ಜೆಯೂ 100ರಲ್ಲಿ 99 ಬಾರಿ ಸರಿಯಾಗಿ ನಡೆಯುತ್ತದೆ ಎನ್ನಿ. ಎಲ್ಲ ಹೆಜ್ಜೆಗಳೂ ಸರಿಯಾಗುವ ಸಂಭವನೀಯತೆ 0.99ರ 50ನೆಯ ಘಾತ, ಅಂದರೆ ಸುಮಾರು 0.605. ಪ್ರತಿಯೊಬ್ಬರೂ ಶೇಕಡ 99 ಅಂಕ ಪಡೆದವರಾದರೂ 100 ರೋಗಿಗಳಲ್ಲಿ ಸುಮಾರು 40 ಮಂದಿಯ ಚಿಕಿತ್ಸೆಯಲ್ಲಿ ಒಂದಾದರೂ ಎಡವಟ್ಟು ಇದ್ದೇ ಇರುತ್ತದೆ. ಪ್ರತಿ ಹೆಜ್ಜೆಯ ನಿಖರತೆಯನ್ನು 99.9ಕ್ಕೆ ಏರಿಸಿದರೂ 5 ಮಂದಿ ಉಳಿಯುತ್ತಾರೆ. 'ಇನ್ನಷ್ಟು ಎಚ್ಚರವಾಗಿರಿ' ಎಂಬ ಬುದ್ಧಿವಾದ ಏಕೆ ಸಾಲದು ಎಂಬುದನ್ನು ಹತ್ತು ಪುಟದ ಉಪದೇಶಕ್ಕಿಂತ ಈ ಒಂದು ಗುಣಾಕಾರ ಚೆನ್ನಾಗಿ ಹೇಳುತ್ತದೆ. ಹೆಜ್ಜೆಗಳ ಸಂಖ್ಯೆಯನ್ನೇ ಕಡಿಮೆ ಮಾಡುವುದು ಇನ್ನೊಂದು ದಾರಿ ಎಂಬುದೂ ಇದರಿಂದಲೇ ಹೊಳೆಯುತ್ತದೆ.

ಎರಡನೆಯದು, ಮರುಪರಿಶೀಲನೆಯ ಲೆಕ್ಕ. ಒಬ್ಬ ದಾದಿ ತಪ್ಪನ್ನು 100ರಲ್ಲಿ ಒಂದು ಬಾರಿ ಕಾಣದೆ ಹೋಗುತ್ತಾಳೆ, ಇನ್ನೊಬ್ಬಳೂ ಹಾಗೆಯೇ ಎಂದುಕೊಳ್ಳಿ. ಇಬ್ಬರೂ ಸ್ವತಂತ್ರವಾಗಿ ನೋಡಿದರೆ ತಪ್ಪು ಇಬ್ಬರ ಕಣ್ಣನ್ನೂ ತಪ್ಪಿಸುವುದು 10,000ಕ್ಕೆ ಒಂದು ಬಾರಿ. ಆದರೆ 'ಅವಳು ನೋಡಿದ್ದಾಳಲ್ಲ' ಎಂದು ಎರಡನೆಯವಳು ಸಹಿ ಹಾಕಿದರೆ? ಮೊದಲನೆಯವಳು ಬಿಟ್ಟದ್ದರಲ್ಲಿ ಅರ್ಧವನ್ನಷ್ಟೇ ಎರಡನೆಯವಳು ಹಿಡಿದರೂ ಲೆಕ್ಕ 200ಕ್ಕೆ ಒಂದಾಗುತ್ತದೆ. ಸಹಿ ಎರಡಿದ್ದರೂ ರಕ್ಷಣೆ 50 ಪಟ್ಟು ಕುಸಿಯಿತು. ಚೀಸ್ ಹೋಳುಗಳ ಚಿತ್ರ ನೋಡುವವರು ಹೋಳುಗಳು ಒಂದಕ್ಕೊಂದು ಸಂಬಂಧವಿಲ್ಲದೆ ನಿಂತಿವೆ ಎಂದು ತಿಳಿಯುತ್ತಾರೆ. ನಿಜವಾದ ವಾರ್ಡಿನಲ್ಲಿ ಒಂದು ಹೋಳು ಇನ್ನೊಂದಕ್ಕೆ ಒರಗಿಕೊಂಡಿರುತ್ತದೆ.

ಮೂರನೆಯದು, ಅಂಕಗಳ ಗುಣಾಕಾರ. ಅನೇಕ ಆಸ್ಪತ್ರೆಗಳು ಸಂಭವಕ್ಕೆ 1ರಿಂದ 5, ತೀವ್ರತೆಗೆ 1ರಿಂದ 5 ಅಂಕ ಕೊಟ್ಟು ಗುಣಿಸುತ್ತವೆ. ಆಗಾಗ ಆಗುವ ಸಣ್ಣ ಜಾರಿಬೀಳುವಿಕೆಗೆ 4 ಗುಣಿಸು 2, ಅಂದರೆ 8. ಅಪರೂಪಕ್ಕೆ ಆಗುವ, ಆದರೆ ಪ್ರಾಣ ತೆಗೆಯುವ ವಿನ್‌ಕ್ರಿಸ್ಟಿನ್ ತಪ್ಪಿಗೆ 1 ಗುಣಿಸು 5, ಅಂದರೆ 5. ಹಾಗಾದರೆ ಎರಡನೆಯದು ಕಡಿಮೆ ಮುಖ್ಯವೇ? ಈ ಅಂಕಗಳು ಕೇವಲ ಕ್ರಮಸೂಚಕ. ತರಗತಿಯಲ್ಲಿ 2ನೆಯ ಸ್ಥಾನ ಪಡೆದವನು 4ನೆಯವನಿಗಿಂತ ಎರಡು ಪಟ್ಟು ಜಾಣ ಎಂದು ಹೇಗೆ ಹೇಳಲಾಗದೋ, ಹಾಗೆಯೇ ಕ್ರಮಸೂಚಕಗಳನ್ನು ಗುಣಿಸಿ ಬಂದ ಸಂಖ್ಯೆಗೆ ನಿಜವಾದ ಅಳತೆಯ ಬೆಲೆ ಕೊಡಲಾಗದು.

ಇದಕ್ಕೆ ಇನ್ನೊಂದನ್ನು ಸೇರಿಸಬೇಕು. ಕಳೆದ ತಿಂಗಳು 4 ತಪ್ಪುಗಳ ವರದಿ, ಈ ತಿಂಗಳು 12 ಎಂದಾದರೆ ಆಸ್ಪತ್ರೆ ಹದಗೆಟ್ಟಿತೆಂದು ಅರ್ಥವೇ? ಸಿಬ್ಬಂದಿ ಈಗ ಭಯವಿಲ್ಲದೆ ವರದಿ ಮಾಡುತ್ತಿದ್ದಾರೆ ಎಂದೂ ಇರಬಹುದು. ಛೇದವಿಲ್ಲದ ಅಂಶ ಏನನ್ನೂ ಹೇಳದು. ಈ ಮಾತನ್ನು ಅರಿಯದ ಆಡಳಿತಗಾರ ಪ್ರಾಮಾಣಿಕ ವಾರ್ಡನ್ನು ಗದರಿಸಿ ಮುಚ್ಚಿಡುವ ವಾರ್ಡಿಗೆ ಬಹುಮಾನ ಕೊಡುತ್ತಾನೆ.

ದನಿಯೆತ್ತುವ ಹೊರೆ ಯಾರ ಮೇಲೆ?

ನನ್ನ ಎರಡನೆಯ ಆಕ್ಷೇಪ ಇನ್ನೂ ಆಳವಾದದ್ದು. ನಾಲ್ಕನೆಯ ಪಾಠ ತಂಡದಲ್ಲಿ ಮಾತನಾಡುವ ಹಲವು ಸಲಕರಣೆಗಳನ್ನು ಕಲಿಸುತ್ತದೆ. ರೋಗಿಯ ಸ್ಥಿತಿಯನ್ನು ಕ್ರಮವಾಗಿ ಹೇಳುವ ವಿಧಾನ, ಕೇಳಿದ ಆದೇಶವನ್ನು ಮರಳಿ ಓದಿ ಖಚಿತಪಡಿಸುವ ವಿಧಾನ, ಒಮ್ಮೆ ಹೇಳಿದ್ದು ಕೇಳಿಸದಿದ್ದರೆ ಎರಡನೆಯ ಬಾರಿ ಹೇಳಲೇಬೇಕೆಂಬ ನಿಯಮ – ಎಲ್ಲವೂ ಉಪಯುಕ್ತ. ಔಷಧದ ಪಾಠದಲ್ಲಿ ಸರಿಯಾದ ಔಷಧ, ಪ್ರಮಾಣ, ಮಾರ್ಗ, ಸಮಯ, ರೋಗಿ ಎಂಬ ಐದು ಅಂಶಗಳ ಜತೆಗೆ, ಆದೇಶವನ್ನು ಪ್ರಶ್ನಿಸುವ ಹಕ್ಕನ್ನೂ ಸೇರಿಸಿರುವುದು ಮೆಚ್ಚುವಂಥದ್ದು. ವಿದ್ಯಾರ್ಥಿಗೆ ಇದು ಕಷ್ಟವೆಂಬುದೂ ಪುಸ್ತಕಕ್ಕೆ ಗೊತ್ತು. ಕಂಡದ್ದನ್ನು ಸುಮ್ಮನೆ ಒಪ್ಪಿಕೊಂಡು ಅನುಕರಿಸುವುದು ಹಳೆಯ ದಾರಿ, ವಿನಯದಿಂದ ಪ್ರಶ್ನಿಸುವುದು ಹೊಸ ದಾರಿ ಎಂದು ಅದು ಹೋಲಿಸಿ ತೋರಿಸುತ್ತದೆ.

ಆದರೆ ಇಲ್ಲಿ ಹೊರೆ ಬೀಳುವುದು ಯಾರ ಮೇಲೆ? ವಾರ್ಡಿನಲ್ಲಿ ಅತ್ಯಂತ ಕಡಿಮೆ ಅಧಿಕಾರ ಇರುವವನ ಮೇಲೆ. ಆತನ ಆಂತರಿಕ ಅಂಕ, ಹಾಜರಿ, ಮುಂದಿನ ಶಿಫಾರಸು ಪತ್ರ ಎಲ್ಲವೂ ಅದೇ ಹಿರಿಯರ ಕೈಯಲ್ಲಿವೆ. ನಾಟಿಂಗ್‌ಹ್ಯಾಮ್‌ನ ಕಿರಿಯ ವೈದ್ಯರಿಗೆ ಜ್ಞಾನದ ಕೊರತೆ ಇರಲಿಲ್ಲ, ಸಂಶಯವೂ ಬಂದಿತ್ತು. ಇಲ್ಲದಿದ್ದದ್ದು ಕೈ ತಡೆಯುವ ಅಧಿಕಾರ. ಧೈರ್ಯವನ್ನು ಪಾಠವಾಗಿ ಕಲಿಸುವುದಕ್ಕಿಂತ ಅಧಿಕಾರವನ್ನು ನಿಯಮವಾಗಿ ಕೊಡುವುದು ಮೇಲು.

ಇದಕ್ಕೆ ಪುರಾವೆ ಅಮೆರಿಕದ ಮಿಶಿಗನ್ ರಾಜ್ಯದಿಂದ ಬಂದಿದೆ. ಪೀಟರ್ ಪ್ರೊನೊವೊಸ್ಟ್ ಮತ್ತು ಸಂಗಡಿಗರು 103 ತೀವ್ರ ನಿಗಾ ಘಟಕಗಳಲ್ಲಿ, ದೊಡ್ಡ ರಕ್ತನಾಳಗಳಿಗೆ ನಳಿಕೆ ಹಾಕುವಾಗ ಆಗುವ ಸೋಂಕನ್ನು ತಡೆಯಲು ಐದು ಸರಳ ಕ್ರಮಗಳನ್ನು ಜಾರಿಗೆ ತಂದರು. ಕೈ ತೊಳೆಯುವುದು, ಕ್ಲೋರ್‌ಹೆಕ್ಸಿಡಿನ್‌ನಿಂದ ಚರ್ಮ ಶುದ್ಧಿ, ಬೇಡದ ನಳಿಕೆ ತೆಗೆಯುವುದು ಇತ್ಯಾದಿ. 1,000 ನಳಿಕೆ-ದಿನಗಳಿಗೆ ಮಧ್ಯಾಂಕ 2.7 ಇದ್ದ ಸೋಂಕಿನ ದರ ಮೂರು ತಿಂಗಳೊಳಗೆ ಸೊನ್ನೆಗೆ ಇಳಿಯಿತು ಎಂದು 2006ರ ವರದಿ ಹೇಳುತ್ತದೆ. ಐದು ಕ್ರಮಗಳಲ್ಲಿ ಹೊಸದೇನೂ ಇರಲಿಲ್ಲ. ಹೊಸದಾಗಿದ್ದುದು ಎರಡು: ಬೇಕಾದ ಸಾಮಗ್ರಿಗಳೆಲ್ಲ ಒಂದೇ ಗಾಡಿಯಲ್ಲಿ ಸಿದ್ಧವಾಗಿದ್ದವು, ಕ್ರಮ ತಪ್ಪಿದರೆ, ತುರ್ತು ಸಂದರ್ಭ ಹೊರತು, ವೈದ್ಯರನ್ನು ಅಲ್ಲಿಯೇ ನಿಲ್ಲಿಸಲಾಗುತ್ತಿತ್ತು. ಅದಕ್ಕೆ ಆಸ್ಪತ್ರೆಯ ಮುಖ್ಯಸ್ಥರ ಬೆಂಬಲವಿತ್ತು. ದಾದಿಯ ಮಾತಿಗೆ ತೂಕ ಬಂದದ್ದು ಅವಳ ಗಂಟಲಿನಿಂದಲ್ಲ, ಅವಳ ಹಿಂದೆ ನಿಂತ ನಿಯಮದಿಂದ.

ಪಾಠ ಎಷ್ಟು ಬಲವಾದ ಮದ್ದು?

ಮೂರನೆಯ ಆಕ್ಷೇಪ ಕೊಂಚ ವಿಚಿತ್ರವಾದದ್ದು. ಪುಸ್ತಕದ ತರ್ಕವನ್ನೇ ಪುಸ್ತಕಕ್ಕೆ ಅನ್ವಯಿಸಿದರೆ ಅದು ಹುಟ್ಟುತ್ತದೆ. ಸುರಕ್ಷತಾ ತಜ್ಞರು ಪರಿಹಾರಗಳನ್ನು ಬಲಾಬಲದ ಕ್ರಮದಲ್ಲಿ ಜೋಡಿಸುತ್ತಾರೆ. ತಪ್ಪು ಮಾಡಲು ಸಾಧ್ಯವೇ ಆಗದಂತೆ ವಸ್ತುವಿನ ವಿನ್ಯಾಸ ಬದಲಿಸುವುದು ಅತಿ ಬಲವಾದದ್ದು. ಪರಿಶೀಲನಾ ಪಟ್ಟಿ, ಪ್ರಮಾಣೀಕರಣ ಮುಂತಾದವು ಮಧ್ಯದವು. ನಿಯಮ, ಎಚ್ಚರಿಕೆ ಮತ್ತು ತರಬೇತಿ ದುರ್ಬಲವಾದವು. ಅಂದರೆ ಪಾಠ ಹೇಳುವುದು ಪಟ್ಟಿಯ ಕೊನೆಯಲ್ಲಿದೆ!

ನಿಮ್ಮ ಮನೆಯ ಮೂರು ಪಿನ್ನಿನ ವಿದ್ಯುತ್ ಪ್ಲಗ್ ನೋಡಿ. ಅದನ್ನು ತಿರುಗಾಮುರುಗಾ ತೂರಿಸಲು ಆಗದು. ಭೂಸಂಪರ್ಕದ ಪಿನ್ನು ಉದ್ದವಾಗಿರುವುದರಿಂದ ಅದೇ ಮೊದಲು ತಗಲುತ್ತದೆ. ಇದಕ್ಕಾಗಿ ಯಾರೂ ತರಬೇತಿ ಪಡೆದಿಲ್ಲ. ಅರಿವಳಿಕೆ ಯಂತ್ರದಲ್ಲೂ ಇದೇ ಉಪಾಯವಿದೆ. ಆಮ್ಲಜನಕದ ಸಿಲಿಂಡರಿಗೆ 2 ಮತ್ತು 5ನೆಯ ಸ್ಥಾನದಲ್ಲಿ, ನೈಟ್ರಸ್ ಆಕ್ಸೈಡಿಗೆ 3 ಮತ್ತು 5ನೆಯ ಸ್ಥಾನದಲ್ಲಿ ಪಿನ್ನುಗಳ ರಂಧ್ರ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ವಿನ್‌ಕ್ರಿಸ್ಟಿನ್ ವಿಷಯದಲ್ಲೂ ಪರಿಹಾರ ಬಂದದ್ದು ಹೀಗೆಯೇ. ಔಷಧವನ್ನು ಸಿರಿಂಜಿನಲ್ಲಿ ಕೊಡದೆ ಸಣ್ಣ ಚೀಲದ ದ್ರಾವಣದಲ್ಲಿ ಬೆರೆಸಿ ಕೊಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಎಚ್ಚರಿಕೆಯ ಸಲಹೆ ನೀಡಿತು. ಅಷ್ಟು ದೊಡ್ಡ ಪ್ರಮಾಣದ ದ್ರವವನ್ನು ಯಾರೂ ಬೆನ್ನಿಗೆ ಹಾಕಲು ಹೊರಡುವುದಿಲ್ಲ. 2016ರಲ್ಲಿ ಬೆನ್ನಿನ ಸೂಜಿಗಳಿಗೆ ಬೇರೆಯದೇ ಆಕಾರದ ಜೋಡಣೆಯನ್ನು ಗೊತ್ತುಪಡಿಸುವ ಅಂತಾರಾಷ್ಟ್ರೀಯ ಮಾನಕ ಪ್ರಕಟವಾಯಿತು. ಈ ಬಗೆಯ ಸೂಜಿಗೆ ಸಾಮಾನ್ಯ ಸಿರಿಂಜು ಕೂರುವುದೇ ಇಲ್ಲ.

ಮಧ್ಯದ ಬಲದ ಪರಿಹಾರಕ್ಕೆ ಶಸ್ತ್ರಕ್ರಿಯೆಯ ಪರಿಶೀಲನಾ ಪಟ್ಟಿ ಉದಾಹರಣೆ. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಅದನ್ನು ಬಳಸಿದಾಗ ಸಾವಿನ ಪ್ರಮಾಣ ಶೇಕಡ 1.5ರಿಂದ 0.8ಕ್ಕೆ, ತೊಡಕುಗಳು ಶೇಕಡ 11ರಿಂದ 7ಕ್ಕೆ ಇಳಿದವು ಎಂದು 2009ರ ಅಧ್ಯಯನ ತೋರಿಸಿತು. ಆದರೆ ಕೆನಡಾದ ಒಂಟಾರಿಯೊ ಪ್ರಾಂತದ 101 ಆಸ್ಪತ್ರೆಗಳಲ್ಲಿ ಪಟ್ಟಿ ಜಾರಿಗೆ ಬಂದಾಗ ಸಾವಿನ ಪ್ರಮಾಣ 0.71ರಿಂದ 0.65ಕ್ಕೆ ಮಾತ್ರ ಇಳಿಯಿತು. ಅದು ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಗಣನೀಯವಲ್ಲ ಎಂದು 2014ರ ಅಧ್ಯಯನ ಹೇಳಿತು. ಕಾಗದ ಒಂದೇ, ಫಲ ಬೇರೆ. ಪಟ್ಟಿಯನ್ನು ಓದಿ ತಂಡ ಮಾತನಾಡುವುದಕ್ಕೂ ಚೌಕಗಳಿಗೆ ಗುರುತು ಹಾಕಿ ಮುಗಿಸುವುದಕ್ಕೂ ಇರುವ ಅಂತರ ಇದಕ್ಕೆ ಒಂದು ಕಾರಣವಿರಬಹುದು. ವಿದ್ಯಾರ್ಥಿಗೆ ಎರಡೂ ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟು ಓದಿಸಬೇಕು. 2011ರ ಪುಸ್ತಕಕ್ಕೆ ಎರಡನೆಯದು ಲಭ್ಯವಿರಲಿಲ್ಲ, ಅದು ಅದರ ದೋಷವಲ್ಲ. ಇಂದು ಅದೇ ಪುಸ್ತಕವನ್ನು ಹಾಗೆಯೇ ಒಪ್ಪಿಸುವ ಶಿಕ್ಷಕರದು ದೋಷವಾದೀತು.

ಹಾಗಾದರೆ ಪಾಠವೇ ಬೇಡವೇ? ಖಂಡಿತ ಬೇಕು. ಆದರೆ ಅದರ ಗುರಿ ಬದಲಾಗಬೇಕು. 'ನಾನು ಎಚ್ಚರವಾಗಿರುತ್ತೇನೆ' ಎನ್ನುವ ವಿದ್ಯಾರ್ಥಿಗಿಂತ 'ಈ ಎರಡು ಬಾಟಲಿಗಳ ಚೀಟಿ ಒಂದೇ ಬಣ್ಣದ್ದು, ಬದಲಿಸೋಣ' ಎನ್ನುವ ವಿದ್ಯಾರ್ಥಿ ಹೆಚ್ಚು ರೋಗಿಗಳನ್ನು ಉಳಿಸುತ್ತಾನೆ. ಪಾಠ ಎಚ್ಚರದ ಬಗ್ಗೆ ಇರದೆ ವಿನ್ಯಾಸದ ಲೋಪವನ್ನು ಕಾಣುವ ಕಣ್ಣಿನ ಬಗ್ಗೆ ಇರಬೇಕು.

ಕಾನೂನಿನ ನೆರಳು

ತಪ್ಪನ್ನು ವರದಿ ಮಾಡು ಎಂದು ವಿದ್ಯಾರ್ಥಿಗೆ ಹೇಳುವಾಗ, ವರದಿ ಮಾಡಿದವನಿಗೆ ಏನಾಗುತ್ತದೆ ಎಂಬುದನ್ನೂ ಹೇಳಬೇಕು. ಪುಸ್ತಕ ಹಲವು ದೇಶಗಳಿಗಾಗಿ ಬರೆದದ್ದರಿಂದ ಇಲ್ಲಿ ಮಾತು ಸಾಮಾನ್ಯ ಮಟ್ಟದಲ್ಲೇ ನಿಲ್ಲುತ್ತದೆ. ನಮ್ಮ ದೇಶದ ಶಿಕ್ಷಕರು ಇದನ್ನು ತುಂಬಬೇಕು. ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ 2005ರಲ್ಲಿ, ವೈದ್ಯರ ಮೇಲೆ ಕ್ರಿಮಿನಲ್ ಮೊಕದ್ದಮೆ ಹೂಡುವ ಮುನ್ನ ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕೆಂದು ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಕಲಮು, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ ಸಾಮಾನ್ಯವಾಗಿ 5 ವರ್ಷದವರೆಗೆ, ನೋಂದಾಯಿತ ವೈದ್ಯರು ಚಿಕಿತ್ಸೆ ನಡೆಸುವಾಗ ಆಗಿದ್ದರೆ 2 ವರ್ಷದವರೆಗೆ ಸೆರೆವಾಸ ಎನ್ನುತ್ತದೆ. ನಿರ್ಲಕ್ಷ್ಯ ಬೇರೆ, ಮಾನವಸಹಜ ತಪ್ಪು ಬೇರೆ. ನೊಂದ ಕುಟುಂಬಕ್ಕೆ ನ್ಯಾಯ ಸಿಗಬೇಕೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ಎರಡರ ನಡುವಿನ ಗೆರೆ ಮಸುಕಾಗಿರುವಷ್ಟು ಕಾಲ ಜನ ಮುಚ್ಚಿಡುತ್ತಾರೆ.

ವಿಮಾನಯಾನ ಕ್ಷೇತ್ರ ಇದಕ್ಕೆ ದಾರಿ ಕಂಡುಕೊಂಡಿದೆ. ಅಮೆರಿಕದಲ್ಲಿ 1976ರಿಂದ ವಿಮಾನ ಚಾಲಕರ ಗೋಪ್ಯ ವರದಿಗಳನ್ನು ಸ್ವೀಕರಿಸುವುದು ವಿಮಾನಯಾನ ನಿಯಂತ್ರಕರಲ್ಲ, ನಾಸಾ ಸಂಸ್ಥೆ. ದಂಡಿಸುವವರು ಬೇರೆ, ಕೇಳಿಸಿಕೊಳ್ಳುವವರು ಬೇರೆ. ನಮ್ಮಲ್ಲೂ ಈ ತತ್ವದ ಒಂದು ಎಳೆ ಇದೆ. 2010ರಲ್ಲಿ ಆರಂಭವಾದ ಭಾರತದ ಔಷಧ ಜಾಗೃತಿ ಕಾರ್ಯಕ್ರಮದ ಅರ್ಜಿ ನಮೂನೆಯಲ್ಲೇ, ವರದಿ ಸಲ್ಲಿಸಿದರೆ ತಪ್ಪೊಪ್ಪಿಗೆ ಎಂದು ಅರ್ಥವಲ್ಲ ಎಂಬ ಮಾತು ಅಚ್ಚಾಗಿದೆ. ವಿದ್ಯಾರ್ಥಿಗೆ ಮೊದಲು ಕೊಡಬೇಕಾದ ಅಭ್ಯಾಸ ಈ ನಮೂನೆಯನ್ನು ತುಂಬುವುದು.

ನಮ್ಮ ಪ್ರಯೋಗ ದಾಖಲೆ ಪುಸ್ತಕ

ಈಗ ಪ್ರೌಢಶಾಲೆ ಮತ್ತು ಪದವಿಪೂರ್ವ ಕಾಲೇಜಿನ ಶಿಕ್ಷಕರ ಕಡೆಗೆ ತಿರುಗುತ್ತೇನೆ. ದಾಖಲೆಯನ್ನು ನಿಖರವಾಗಿ ಬರೆಯಬೇಕೆಂದು ಆರನೆಯ ಪಾಠ ಹೇಳುತ್ತದೆ. ಈ ಅಭ್ಯಾಸ ವೈದ್ಯಕೀಯ ಕಾಲೇಜಿನಲ್ಲಿ ಶುರುವಾಗುವುದೇ? ಅನುಮಾಪನ ಪ್ರಯೋಗದಲ್ಲಿ ಮೂರು ಅಳತೆಗಳು 9.6, 10.1, 9.9 ಮಿಲಿಲೀಟರ್ ಬಂದ ಹುಡುಗಿ, ದಾಖಲೆ ಪುಸ್ತಕದಲ್ಲಿ 9.9, 9.9, 9.9 ಎಂದು ಬರೆಯುತ್ತಾಳೆ. ಸರಳ ಲೋಲಕದಿಂದ ಬಂದ ಗುರುತ್ವ ವೇಗೋತ್ಕರ್ಷದ ಬೆಲೆಯನ್ನು 9.8ಕ್ಕೆ ಹೊಂದಿಸಿ ಸಮಯವನ್ನು ಹಿಮ್ಮುಖವಾಗಿ ಲೆಕ್ಕ ಹಾಕುವ ಹುಡುಗರೂ ಉಂಟು. ಏಕೆ? ಅಂಕ 'ಸರಿ ಉತ್ತರ'ಕ್ಕೆ ಸಿಗುತ್ತದೆ, ನಡೆದದ್ದನ್ನು ನಡೆದಂತೆ ಬರೆದುದಕ್ಕೆ ಸಿಗುವುದಿಲ್ಲ.

ಐದಾರು ವರ್ಷಗಳ ನಂತರ ಇದೇ ಕೈ ವಾರ್ಡಿನಲ್ಲಿ ರಕ್ತದೊತ್ತಡದ ಹಾಳೆಯನ್ನು ತುಂಬುತ್ತದೆ. ರಾತ್ರಿ ಎರಡು ಗಂಟೆಯ ಅಳತೆಯನ್ನು ಮಾಡಲಾಗದಿದ್ದರೆ 120/80 ಎಂದು ಬರೆದುಬಿಡುವ ಆಸೆ ಎಲ್ಲಿಂದ ಬಂತು? ಪುಸ್ತಕದಲ್ಲಿ ಇದಕ್ಕೆ ಉತ್ತರವಿಲ್ಲ, ಏಕೆಂದರೆ ಅದು ಕಾಲೇಜಿನ ಬಾಗಿಲಿನಿಂದ ಶುರುವಾಗುತ್ತದೆ. ತಪ್ಪನ್ನು ಅಡಗಿಸುವ ಪಾಠವನ್ನು ನಾವು ಶಾಲೆಯಲ್ಲೇ ಕಲಿಸಿ, ತಪ್ಪನ್ನು ಬಯಲಿಗಿಡುವ ಪಾಠವನ್ನು ಮುಂದೆ ಬೇರೆಯವರು ಕಲಿಸಲಿ ಎಂದು ಬಿಡುತ್ತಿದ್ದೇವೆ.

ಭಾಷೆಯ ಪ್ರಶ್ನೆಯೂ ಇದೆ. ನಮ್ಮ ವಾರ್ಡುಗಳಲ್ಲಿ ಔಷಧ ಚೀಟಿ ಒಂದು ಭಾಷೆಯಲ್ಲಿ, ದಾದಿಯ ಮನೆಮಾತು ಇನ್ನೊಂದು, ರೋಗಿಯದು ಮತ್ತೊಂದು. 'ಓ.ಡಿ.' ಎಂಬ ಎರಡಕ್ಷರ ಒಬ್ಬರಿಗೆ ದಿನಕ್ಕೊಮ್ಮೆ, ಕಣ್ಣಿನ ವೈದ್ಯರಿಗೆ ಬಲಗಣ್ಣು. ಔಷಧದ ಹೆಸರನ್ನು ಸ್ಪಷ್ಟವಾಗಿ, ಸಾಧ್ಯವಾದಷ್ಟು ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ಭಾರತೀಯ ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ಮಾಡಿತು. ರೋಗಿಗೆ ಹೇಳಿದ್ದನ್ನು ರೋಗಿಯ ಬಾಯಿಂದಲೇ ಮರಳಿ ಹೇಳಿಸುವ ಅಭ್ಯಾಸ ಇದಕ್ಕಿಂತ ಅಗ್ಗದ, ಇದಕ್ಕಿಂತ ಬಲವಾದ ಉಪಾಯ. ಅದನ್ನು ಕನ್ನಡದಲ್ಲೇ ಅಭ್ಯಾಸ ಮಾಡಿಸಬೇಕು.

ಶಿಕ್ಷಕರು ಏನು ಮಾಡಬಹುದು?

ಆರೋಗ್ಯ ವೃತ್ತಿಗಳ ಶಿಕ್ಷಕರು ಮೂರು ಅಭ್ಯಾಸಗಳಿಂದ ಆರಂಭಿಸಬಹುದು. ಒಂದು, ನಾಟಿಂಗ್‌ಹ್ಯಾಮ್‌ನಂಥ ಒಂದು ಪ್ರಕರಣವನ್ನು ಕೊಟ್ಟು, ಯಾರ ಹೆಸರನ್ನೂ ಹೇಳದೆ ಕಾರಣಗಳನ್ನಷ್ಟೇ ಪಟ್ಟಿ ಮಾಡಿಸಿ. ಪ್ರತಿ ಕಾರಣಕ್ಕೂ ಒಂದು ಪರಿಹಾರ ಬರೆಸಿ, ಅದು ವಿನ್ಯಾಸವೋ, ಪಟ್ಟಿಯೋ, ಬರಿಯ ಬುದ್ಧಿವಾದವೋ ಎಂದು ವಿಂಗಡಿಸಿ. ಎರಡು, ವಾರ್ಡಿನಲ್ಲಿ ಒಂದು ಗಂಟೆ ಸುಮ್ಮನೆ ನಿಂತು, ಒಂದೇ ರೀತಿ ಕಾಣುವ ಔಷಧಗಳು, ನೀರಿಲ್ಲದ ಕೈತೊಳೆಯುವ ತೊಟ್ಟಿ, ಮಧ್ಯದಲ್ಲೇ ಕೆಲಸ ತಡೆಯುವ ದೂರವಾಣಿ ಕರೆಗಳನ್ನು ಎಣಿಸಲು ಹೇಳಿ. ಮೂರು, ಶಿಕ್ಷಕರೇ ತಾವು ಕೈತೊಳೆಯದೆ ಮುಂದಿನ ಹಾಸಿಗೆಗೆ ಹೋದರೆ ನೆನಪಿಸುವ ಕೆಲಸವನ್ನು ಪ್ರತಿದಿನ ಒಬ್ಬ ವಿದ್ಯಾರ್ಥಿಗೆ ವಹಿಸಿ. ನೆನಪಿಸಿದವನಿಗೆ ಧನ್ಯವಾದ ಹೇಳಿ. ಮೂರನೆಯದು ಅತಿ ಕಷ್ಟದ್ದು, ಏಕೆಂದರೆ ಅದರಲ್ಲಿ ಪರೀಕ್ಷೆಗೆ ಒಳಗಾಗುವವರು ನಾವು.

ಶಾಲಾ ಶಿಕ್ಷಕರಿಗೆ ಒಂದೇ ಅಭ್ಯಾಸ ಸಾಕು. ಮುಂದಿನ ಪ್ರಯೋಗದಲ್ಲಿ 10 ಅಂಕ ಇದ್ದರೆ 5ನ್ನು 'ನನ್ನ ಅಳತೆ ಏಕೆ ಬೇರೆ ಬಂತು' ಎಂಬ ನಾಲ್ಕು ಸಾಲಿಗೆ ಮೀಸಲಿಡಿ. ಹೊಡೆದು ಹಾಕಿದ ಅಂಕಿ ಓದುವಂತೆ ಉಳಿದಿರಲಿ, ಅದರ ಪಕ್ಕ ಹೊಸದು ಬರಲಿ. ಆಸ್ಪತ್ರೆಯ ದಾಖಲೆಯಲ್ಲೂ ತಿದ್ದುಪಡಿಯ ನಿಯಮ ಇದೇ.

ಒಟ್ಟಾರೆ ಹೇಳುವುದಾದರೆ, 2011ರ ಈ ಪುಸ್ತಕ ಓದಲೇಬೇಕಾದದ್ದು. ಅದು ಸರಿಯಾದ ಪ್ರಶ್ನೆಯನ್ನು ಕೇಳಿದೆ, ಹನ್ನೊಂದು ಪಾಠಗಳ ಚೌಕಟ್ಟನ್ನು ಕೊಟ್ಟಿದೆ. 2021ರಿಂದ 2030ರವರೆಗಿನ ಜಾಗತಿಕ ರೋಗಿ ಸುರಕ್ಷತಾ ಯೋಜನೆಯೂ ಆರೋಗ್ಯ ಸಿಬ್ಬಂದಿಯ ಶಿಕ್ಷಣವನ್ನು ತನ್ನ ಗುರಿಗಳಲ್ಲಿ ಒಂದಾಗಿ ಹೇಳಿದೆ. ಆದರೆ ಅಳತೆಯ ಲೆಕ್ಕವನ್ನು, ಪ್ರಶ್ನಿಸುವ ಅಧಿಕಾರವನ್ನು, ವಿನ್ಯಾಸದ ದೃಷ್ಟಿಯನ್ನು ಸೇರಿಸದೆ ಅದನ್ನು ಕಲಿಸಿದರೆ, ಪರೀಕ್ಷೆಯಲ್ಲಿ ಐದು ಅಂಶಗಳನ್ನು ತಪ್ಪಿಲ್ಲದೆ ಒಪ್ಪಿಸುವ, ವಾರ್ಡಿನಲ್ಲಿ ಸುಮ್ಮನಿರುವ ಪದವೀಧರರು ಹೊರಬರುತ್ತಾರೆ. ಆ ಮೌನದ ಬೆಲೆಯನ್ನು ತೆರುವವನು ಹಾಸಿಗೆಯ ಮೇಲೆ ಮಲಗಿದ ರೋಗಿ.